ಕಲ್ನಾರಿನ ಕ್ಯಾನ್ಸರಿಗೆ ಜೋಡಿ ಮದ್ದು

ಕಳೆದ ತಿಂಗಳು ನನಗೊಂದು ಇನ್‌ಲ್ಯಾಂಡ್ ಪತ್ರ ಬಂತು. ಈ ಕಾಲದಲ್ಲೂ ಕೈಯಲ್ಲಿ ಪತ್ರ ಬರೆಯುವ ವಿದ್ಯಾರ್ಥಿಗಳಿದ್ದಾರಲ್ಲ ಎಂದು ಸಂತೋಷಪಟ್ಟು ಒಡೆದೆ. ಓದುತ್ತ ಹೋದಂತೆ ಆ ಸಂತೋಷ ಉಳಿಯಲಿಲ್ಲ.

ಬರೆದವಳು ಹತ್ತನೆಯ ತರಗತಿಯ ಹುಡುಗಿ. 'ಸರ್, ನಮ್ಮ ಅಜ್ಜ ಬೇರೆ ರಾಜ್ಯದಲ್ಲಿ ಸಿಮೆಂಟ್ ಶೀಟಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. ಕೆಲಸ ಬಿಟ್ಟು ಊರಿಗೆ ಬಂದು ಹದಿನೆಂಟು ವರ್ಷವಾಯಿತು. ಈಗ ಎದೆಯಲ್ಲಿ ನೀರು ತುಂಬಿ ಉಸಿರಾಡಲು ಕಷ್ಟವಾಗಿದೆ. ದೊಡ್ಡಾಸ್ಪತ್ರೆಯಲ್ಲಿ ತುಣುಕು ತೆಗೆದು ಪರೀಕ್ಷೆ ಮಾಡಿ ಮೀಸೋಥೀಲಿಯೋಮ ಅಂದರು. ಅಪ್ಪನ ಮೊಬೈಲಿಗೆ ಯಾರೋ ಸಂದೇಶ ಕಳಿಸಿದ್ದಾರೆ. ಜೀನ್ ಬಂದ್ ಮಾಡುವ ಹೊಸ ಚಿಕಿತ್ಸೆಯಂತೆ, ಜೊತೆಗೆ ಔಷಧವಂತೆ, ಮೂರು ತಿಂಗಳಲ್ಲಿ ಗುಣವಂತೆ, 15 ಲಕ್ಷ ರೂಪಾಯಿಯಂತೆ. ಅಪ್ಪ ಎರಡು ಎಕರೆ ಹೊಲಕ್ಕೆ ಗಿರಾಕಿ ನೋಡುತ್ತಿದ್ದಾರೆ. ಇದು ನಿಜವೇ? ಜೀನ್ ಬಂದ್ ಮಾಡುವುದು ನಮ್ಮ ಪಾಠದಲ್ಲಿ ಇಲ್ಲ.'

ಆ ಮಗುವಿಗೆ ಅಂದೇ ಉತ್ತರ ಬರೆದು ಅಂಚೆಗೆ ಹಾಕಿದೆ. ಆದರೆ ಇಂಥ ಪ್ರಶ್ನೆ ಒಂದೇ ಮನೆಯದಲ್ಲ. ಆದ್ದರಿಂದ ಊರು, ಹೆಸರು ಹೇಳದೆ, ಅವಳ ಅಪ್ಪನ ಒಪ್ಪಿಗೆ ಪಡೆದು, ಈ ವಾರ ಅದನ್ನೇ ವಿಸ್ತಾರವಾಗಿ ಬರೆಯುತ್ತಿದ್ದೇನೆ. ವಿದ್ಯಾರ್ಥಿಗಳು ವಿಜ್ಞಾನಕ್ಕಾಗಿ ಓದಲಿ. ತಂದೆತಾಯಿಯರು ದಯವಿಟ್ಟು ಕೊನೆಯವರೆಗೂ ಓದಲಿ.

ಕಲ್ಲೂ ಹೌದು, ನಾರೂ ಹೌದು

ಆಸ್ಬೆಸ್ಟಾಸ್ ಎಂಬ ಗ್ರೀಕ್ ಮೂಲದ ಮಾತಿಗೆ 'ಆರಿಸಲಾಗದ್ದು' ಎಂದು ಅರ್ಥ. ಕನ್ನಡದ 'ಕಲ್ನಾರು' ಅದಕ್ಕಿಂತ ಒಳ್ಳೆಯ ಹೆಸರು. ನೆಲದಿಂದ ಅಗೆದು ತೆಗೆಯುವ ಖನಿಜ, ಆದರೆ ಹಿಂಜಿದರೆ ಹತ್ತಿಯಂತೆ ಎಳೆಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಬೆಂಕಿಗೆ ಸುಡುವುದಿಲ್ಲ, ಕೊಳೆಯುವುದಿಲ್ಲ, ಅಗ್ಗ. ಇಷ್ಟು ಗುಣವಿದ್ದ ಮೇಲೆ ಮನುಷ್ಯ ಬಿಟ್ಟಾನೆಯೇ? ಮಾಡಿನ ಶೀಟು, ನೀರಿನ ಕೊಳವೆ, ವಾಹನದ ಬ್ರೇಕು, ಬಾಯ್ಲರಿನ ಹೊದಿಕೆ ಎಲ್ಲಕ್ಕೂ ಬಳಸಿದ.

ನಮ್ಮ ಶಾಲೆಯ ಪ್ರಯೋಗಾಲಯದಲ್ಲೂ ಅದಿತ್ತು. ತ್ರಿಪಾದಿಯ ಮೇಲೆ ಇಡುವ ತಂತಿ ಜಾಲರಿ ನೆನಪಿದೆಯೇ? ಅದರ ನಡುವೆ ಬೆಳ್ಳಗೆ ದುಂಡಗೆ ಮೆತ್ತಿರುತ್ತಿದ್ದುದು ಕಲ್ನಾರು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಜಾಲರಿ ಹಳತಾಗಿ ಪುಡಿ ಉದುರತೊಡಗಿದರೆ, 'ಹೊರಗೆ ಹೋಗಿ ಕೊಡವಿಕೊಂಡು ಬನ್ನಿ' ಎಂದು ಹುಡುಗರನ್ನು ಕಳಿಸುತ್ತಿದ್ದೆ. ಅವರು ಕಟ್ಟೆಗೆ ಬಡಿದು, ಬಾಯಿಂದ ಊದಿ ತರುತ್ತಿದ್ದರು. ಬಿ.ಎಸ್ಸಿ., ಬಿ.ಇಡಿ. ಎರಡೂ ಮುಗಿಸಿದ್ದ ನನಗೆ ಅದು ತಪ್ಪೆಂದು ಗೊತ್ತಿರಲಿಲ್ಲ. ಗೊತ್ತಾದ ದಿನ ರಾತ್ರಿ ನಿದ್ದೆ ಬರಲಿಲ್ಲ. ಅಷ್ಟು ಅಲ್ಪ ಧೂಳಿನಿಂದ ರೋಗ ಬರುವ ಸಂಭವ ಬಹಳ ಕಡಿಮೆ ಎಂದು ಆಮೇಲೆ ಓದಿ ತಿಳಿದು ಸಮಾಧಾನಪಟ್ಟೆ. ಆದರೂ ಮಕ್ಕಳ ಕೈಯಲ್ಲಿ ಅದನ್ನು ಊದಿಸಿದವನು ನಾನೇ ಎಂಬುದು ಹಾಗೇ ಉಳಿದಿದೆ.

ಮೂವತ್ತು ವರ್ಷ ಕಾದು ಬರುವ ರೋಗ

ನಮ್ಮ ಶ್ವಾಸಕೋಶಗಳನ್ನು ಎರಡು ಪದರದ ತೆಳು ಪೊರೆ ಸುತ್ತಿಕೊಂಡಿರುತ್ತದೆ. ಇದಕ್ಕೆ ಪ್ಲೂರಾ ಎಂದು ಹೆಸರು. ಎರಡು ಪದರಗಳ ನಡುವೆ ಸ್ವಲ್ಪವೇ ದ್ರವವಿದ್ದು, ಕೀಲೆಣ್ಣೆಯಂತೆ ಕೆಲಸ ಮಾಡುತ್ತದೆ. ಹೊಟ್ಟೆಯೊಳಗೂ, ಹೃದಯದ ಸುತ್ತಲೂ ಇಂಥದೇ ಪೊರೆಗಳಿವೆ. ಇವುಗಳ ಹೊರಮೈಯ ಕೋಶಪದರದಲ್ಲಿ ಹುಟ್ಟುವ ಕ್ಯಾನ್ಸರೇ ಮೀಸೋಥೀಲಿಯೋಮ. ಶ್ವಾಸಕೋಶದ ಪೊರೆಯಲ್ಲಿ ಬರುವುದೇ ಹೆಚ್ಚು.

ಕಲ್ನಾರಿನ ಎಳೆ ಕಣ್ಣಿಗೆ ಕಾಣದಷ್ಟು ಸಣ್ಣದು, ಸೂಜಿಯಂತೆ ಉದ್ದ. ಉಸಿರಿನೊಡನೆ ಒಳಹೊಕ್ಕು ಪೊರೆಯವರೆಗೂ ತಲುಪಬಲ್ಲದು. ಹೊರಗಿನ ವಸ್ತುವನ್ನು ನುಂಗಿ ಹಾಕುವ ಭಕ್ಷಕ ಕೋಶಗಳು ಇದನ್ನೂ ನುಂಗಲು ಬಾಯಿ ಹಾಕುತ್ತವೆ. ಎಳೆ ಕೋಶಕ್ಕಿಂತ ಉದ್ದ. ನುಂಗಲೂ ಆಗದು, ಉಗುಳಲೂ ಆಗದು. ಆ ಜಾಗದಲ್ಲಿ ವರ್ಷಗಟ್ಟಲೆ ಉರಿಯೂತ ನಡೆಯುತ್ತದೆ. ಅಕ್ಕಪಕ್ಕದ ಕೋಶಗಳ ಡಿ.ಎನ್.ಎ. ಪೆಟ್ಟು ತಿನ್ನುತ್ತ ಹೋಗುತ್ತದೆ. ಧೂಳು ಕುಡಿದ ದಿನದಿಂದ ರೋಗ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 20ರಿಂದ 50 ವರ್ಷ ಹಿಡಿಯುತ್ತದೆ. ಯೌವನದ ದುಡಿಮೆಗೆ ಮುಪ್ಪಿನಲ್ಲಿ ಬರುವ ಸಾಲದ ಚೀಟಿ ಇದು.

ಈ ನಂಟನ್ನು ಮೊದಲು ಗಟ್ಟಿಯಾಗಿ ತೋರಿಸಿದವರು ದಕ್ಷಿಣ ಆಫ್ರಿಕಾದ ರೋಗಶಾಸ್ತ್ರಜ್ಞ ಜೆ.ಸಿ. ವ್ಯಾಗ್ನರ್ ಮತ್ತು ಅವರ ಇಬ್ಬರು ಸಂಗಡಿಗರು. 1960ರಲ್ಲಿ ಅವರು ಇಂಥ 33 ರೋಗಿಗಳ ವಿವರ ಪ್ರಕಟಿಸಿದರು. ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಕೇಪ್ ಪ್ರಾಂತ್ಯದ ನೀಲಿ ಕಲ್ನಾರಿನ ಸಂಪರ್ಕಕ್ಕೆ ಬಂದಿರಬಹುದಾದವರು. ಅವರಲ್ಲಿ ಗಣಿಯಲ್ಲಿ ಒಂದು ದಿನವೂ ಕೆಲಸ ಮಾಡದೆ, ಬಾಲ್ಯವನ್ನು ಗಣಿಯ ಆಸುಪಾಸಿನಲ್ಲಿ ಕಳೆದವರೂ ಇದ್ದರು. ಪಶ್ಚಿಮ ಆಸ್ಟ್ರೇಲಿಯಾದ ವಿಟನೂಮ್ ಊರಿನ ನೀಲಿ ಕಲ್ನಾರಿನ ಗಣಿಯನ್ನು 1966ರಲ್ಲಿ ಮುಚ್ಚಿದರು. ಗಣಿ ಮುಚ್ಚಿತು, ರೋಗ ಮುಚ್ಚಲಿಲ್ಲ. ಅಲ್ಲಿ ಗಣಿಯ ಕಸದ ದಿಬ್ಬಗಳ ಮೇಲೆ ಆಡಿದ ಮಕ್ಕಳು, ಗಂಡನ ಬಟ್ಟೆ ಒಗೆದ ಹೆಂಗಸರು ಕೂಡ ದಶಕಗಳ ನಂತರ ಕಾಯಿಲೆ ಬಿದ್ದರು.

ಇಲ್ಲಿ ಎರಡು ಮಾತು ಹೇಳಿಬಿಡಬೇಕು. ಧೂಳು ಕುಡಿದವರಿಗೆಲ್ಲ ಈ ರೋಗ ಬರುವುದಿಲ್ಲ. ಎದೆಯಲ್ಲಿ ನೀರು ತುಂಬಿದ್ದೆಲ್ಲ ಕ್ಯಾನ್ಸರೂ ಅಲ್ಲ. ನಮ್ಮ ದೇಶದಲ್ಲಿ ಕ್ಷಯರೋಗದಿಂದಲೂ ಹಾಗಾಗುತ್ತದೆ, ಅದಕ್ಕೆ ಗುಣವಾಗುವ ಮದ್ದೂ ಇದೆ. ಪೊರೆಯ ತುಣುಕನ್ನು ತೆಗೆದು ಪರೀಕ್ಷಿಸಿದ ಮೇಲೆಯೇ ವೈದ್ಯರು ಕ್ಯಾನ್ಸರೆಂದು ತೀರ್ಮಾನಿಸುತ್ತಾರೆ.

ಚಿಟ್ಟೆಯ ರೆಕ್ಕೆಯಿಂದ ಬಂದ ಔಷಧ

ಪೊರೆಯ ಉದ್ದಕ್ಕೂ ಹಾಳೆಯಂತೆ ಹರಡುವುದರಿಂದ ಈ ಗಂತಿಯನ್ನು ಶಸ್ತ್ರಚಿಕಿತ್ಸೆಯಿಂದ ಪೂರ್ತಿ ತೆಗೆಯುವುದು ಕಷ್ಟ. ಹೀಗಾಗಿ ಔಷಧವೇ ಮುಖ್ಯ ಆಸರೆ. ಅದರಲ್ಲಿ ಒಂದರ ಹೆಸರು ಪೆಮೆಟ್ರೆಕ್ಸೆಡ್.

ಇದರ ಹಿಂದೆ ಒಂದು ಸೊಗಸಾದ ಕಥೆಯಿದೆ. ಅಮೆರಿಕದ ರಸಾಯನವಿಜ್ಞಾನಿ ಎಡ್ವರ್ಡ್ ಟೇಲರ್ ತರುಣರಾಗಿದ್ದಾಗ ಚಿಟ್ಟೆಯ ರೆಕ್ಕೆಯ ಬಣ್ಣವೊಂದರ ರಚನೆಯಿಂದ ಆಕರ್ಷಿತರಾದರು. ಅಂಥದೇ ಉಂಗುರ ರಚನೆ ಫೋಲಿಕ್ ಆಮ್ಲವೆಂಬ ಜೀವಸತ್ವದಲ್ಲೂ ಇದೆ. ನಮ್ಮವರೇ ಆದ, ಆಂಧ್ರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದಲ್ಲಿ ಮುನ್ನಡೆಸಿದ ತಂಡ 1940ರ ದಶಕದಲ್ಲಿ ಈ ಫೋಲಿಕ್ ಆಮ್ಲವನ್ನೂ, ಅದರಂತೆ ವೇಷ ಹಾಕಿ ಕೋಶವನ್ನು ಮೋಸಗೊಳಿಸುವ ಔಷಧಗಳನ್ನೂ ತಯಾರಿಸಿತ್ತು. ಟೇಲರ್ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಇದೇ ಜಾಡಿನಲ್ಲಿ ದುಡಿದು ಪೆಮೆಟ್ರೆಕ್ಸೆಡ್‌ಗೆ ದಾರಿ ಮಾಡಿದರು.

ಅದು ಕೆಲಸ ಮಾಡುವುದು ಹೇಗೆ? ಡಿ.ಎನ್.ಎ. ಎಂಬುದು ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ ಗ್ರಂಥ. ಕೋಶ ಎರಡಾಗಬೇಕಾದರೆ ಇಡೀ ಗ್ರಂಥವನ್ನು ಮತ್ತೊಮ್ಮೆ ಅಚ್ಚು ಹಾಕಬೇಕು. ಹಳೆಯ ಮುದ್ರಣಾಲಯಗಳಲ್ಲಿ ಸೀಸದ ಅಚ್ಚುಮೊಳೆಗಳಿರುತ್ತಿದ್ದವಲ್ಲ, ಹಾಗೆ ಇಲ್ಲಿಯೂ ಅಕ್ಷರದ ಮೊಳೆಗಳು ರಾಶಿಗಟ್ಟಲೆ ಬೇಕು. 'ಟಿ' ಎಂಬ ಮೊಳೆಯನ್ನು ಎರಕ ಹೊಯ್ಯುವ ಯಂತ್ರ ಒಂದು ಕಿಣ್ವ. ಅದರ ಹೆಸರು ಥೈಮಿಡಿಲೇಟ್ ಸಿಂಥೇಸ್. ಪೆಮೆಟ್ರೆಕ್ಸೆಡ್ ಈ ಯಂತ್ರದೊಳಗೆ ಹೊಕ್ಕು ಕಲ್ಲಿನಂತೆ ಸಿಕ್ಕಿಹಾಕಿಕೊಳ್ಳುತ್ತದೆ. ಇಂಥವೇ ಇನ್ನೆರಡು ಯಂತ್ರಗಳನ್ನೂ ಕೆಡಿಸುತ್ತದೆ. 'ಟಿ' ಇಲ್ಲದೆ ಅಚ್ಚು ನಿಲ್ಲುತ್ತದೆ, ಗಂತಿ ಬೆಳೆಯುವುದು ನಿಧಾನವಾಗುತ್ತದೆ.

2003ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ ಸಿಸ್‌ಪ್ಲಾಟಿನ್ ಎಂಬ ಔಷಧ ಮಾತ್ರ ಪಡೆದವರ ಬದುಕಿನ ಮಧ್ಯಾಂಕ 9.3 ತಿಂಗಳು. ಅದರೊಡನೆ ಪೆಮೆಟ್ರೆಕ್ಸೆಡ್ ಕೂಡ ಪಡೆದವರದು 12.1 ತಿಂಗಳು. ಮಧ್ಯಾಂಕವೆಂದರೇನು? ನಿಮ್ಮ ಗಣಿತದ ಪುಸ್ತಕದಲ್ಲಿರುವುದೇ. ಅರ್ಧದಷ್ಟು ಜನ ಅದಕ್ಕಿಂತ ಕಡಿಮೆ, ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು ಬದುಕಿದರು ಎಂದು. ಯಾರೊಬ್ಬರ ಆಯಸ್ಸನ್ನೂ ಅದು ನಿಗದಿ ಮಾಡುವುದಿಲ್ಲ. ಆ ಪರೀಕ್ಷೆಯ ನಡುವೆಯೇ ರೋಗಿಗಳಿಗೆ ಸಣ್ಣ ಪ್ರಮಾಣದ ಫೋಲಿಕ್ ಆಮ್ಲ ಮತ್ತು ಬಿ12 ಕೊಡತೊಡಗಿದರು. ಅದರಿಂದ ಅಡ್ಡ ಪರಿಣಾಮಗಳು ಕಡಿಮೆಯಾದವು. ಯಾವ ಜೀವಸತ್ವದ ವೇಷವನ್ನು ಔಷಧ ಹಾಕಿತೋ ಅದೇ ಜೀವಸತ್ವ ರೋಗಿಯ ಕಾವಲಿಗೆ ಬಂತು!

ಆಮೇಲೆ ಮತ್ತೊಂದು ಹೆಜ್ಜೆ ಮುಂದಾಯಿತು. ದೇಹದ ರೋಗನಿರೋಧಕ ಕೋಶಗಳ ಲಗಾಮು ಸಡಿಲಿಸುವ ನಿವೊಲುಮಾಬ್ ಮತ್ತು ಇಪಿಲಿಮುಮಾಬ್ ಎಂಬ ಜೋಡಿಗೆ ಅಮೆರಿಕದಲ್ಲಿ 2020ರಲ್ಲಿ ಮಂಜೂರಾತಿ ಸಿಕ್ಕಿತು. ಪರೀಕ್ಷೆಯಲ್ಲಿ ಇದರ ಮಧ್ಯಾಂಕ 18.1 ತಿಂಗಳು, ಹಳೆಯ ಜೋಡಿಯದು 14.1. ಲಾಭ ನಿಜ, ಆದರೆ ಇದೂ 'ಮೂರು ತಿಂಗಳಲ್ಲಿ ಗುಣ' ಅಲ್ಲ.

ಬಿಳಿಯಾದ ಹೂವು, ನಡುಗಿದ ಹುಳು

ಇನ್ನು 'ಜೀನ್ ಬಂದ್' ವಿಷಯಕ್ಕೆ ಬರೋಣ.

ವಂಶವಾಹಿ ತಾನೇ ಕೆಲಸ ಮಾಡುವುದಿಲ್ಲ. ಗ್ರಂಥಾಲಯದಲ್ಲಿ ಕೆಲವು ಪುಸ್ತಕಗಳ ಮೇಲೆ 'ಹೊರಗೆ ಒಯ್ಯುವಂತಿಲ್ಲ' ಎಂದು ಬರೆದಿರುತ್ತದೆ. ಬೇಕಾದ ಪುಟವನ್ನು ಅಲ್ಲೇ ಕುಳಿತು ನಕಲು ಮಾಡಿಕೊಂಡು ಹೋಗಬೇಕು. ಕೋಶದ ಬೀಜಕೇಂದ್ರ ಅಂಥ ಗ್ರಂಥಾಲಯ. ನಕಲು ಮಾಡಿದ ಚೀಟಿಯೇ ದೂತ ಆರ್.ಎನ್.ಎ. ಚೀಟಿ ಹೊರಗೆ ಬಂದು ಕಾರ್ಖಾನೆ ಸೇರಿದರೆ ಅದರಂತೆ ಪ್ರೋಟೀನು ತಯಾರಾಗುತ್ತದೆ. ಪುಸ್ತಕ ಮುಟ್ಟದೆ ದಾರಿಯಲ್ಲೇ ಚೀಟಿ ಹರಿದರೆ? ಪುಸ್ತಕ ಇದ್ದಂತೆಯೇ ಇರುತ್ತದೆ, ಪ್ರೋಟೀನು ಮಾತ್ರ ತಯಾರಾಗುವುದಿಲ್ಲ. ಚೀಟಿ ಹರಿಯುವ ಈ ಉಪಾಯಕ್ಕೇ ವಂಶವಾಹಿಯನ್ನು ಸುಮ್ಮನಾಗಿಸುವುದು ಎನ್ನುತ್ತಾರೆ.

ಇದರ ಸುಳಿವು ಸಿಕ್ಕಿದ್ದು ಹೂದೋಟದಲ್ಲಿ. ಅಮೆರಿಕದ ರಿಚರ್ಡ್ ಜಾರ್ಗೆನ್‌ಸನ್ ಮತ್ತು ಸಂಗಡಿಗರು ಪೆಟೂನಿಯಾ ಹೂವಿನ ನೇರಳೆ ಬಣ್ಣ ಇನ್ನೂ ಗಾಢವಾಗಲಿ ಎಂದು ಬಣ್ಣದ ವಂಶವಾಹಿಯ ಇನ್ನೊಂದು ಪ್ರತಿಯನ್ನು ಗಿಡಕ್ಕೆ ಸೇರಿಸಿದರು. ಹಲವು ಗಿಡಗಳಲ್ಲಿ ಹೂವು ಬೆಳ್ಳಗಾಯಿತು! 1990ರಲ್ಲಿ ಪ್ರಕಟವಾದ ಈ ಒಗಟನ್ನು ಬಿಡಿಸಲು ನೆರವಾದದ್ದು ಒಂದು ಮಿಲಿಮೀಟರ್ ಉದ್ದದ ಹುಳು. 1998ರಲ್ಲಿ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಆ ಹುಳುವಿಗೆ ಸ್ನಾಯುವಿನ ಒಂದು ವಂಶವಾಹಿಗೆ ಹೊಂದುವ ಜೋಡಿ ಎಳೆಯ ಆರ್.ಎನ್.ಎ. ಚುಚ್ಚಿದರು. ಆ ವಂಶವಾಹಿ ಕೆಟ್ಟಿದ್ದರೆ ಹೇಗೋ ಹಾಗೆಯೇ ಹುಳು ನಡುಗತೊಡಗಿತು. ಜೋಡಿ ಎಳೆ ಕಂಡರೆ ಕೋಶ ಅದನ್ನು ತುಂಡರಿಸಿ, ಒಂದು ತುಂಡನ್ನು ಗುರುತಿನ ಚೀಟಿಯಂತೆ ಹಿಡಿದುಕೊಂಡು, ಅದಕ್ಕೆ ಹೊಂದುವ ದೂತ ಆರ್.ಎನ್.ಎ.ಗಳನ್ನೆಲ್ಲ ಹುಡುಕಿ ಕತ್ತರಿಸುತ್ತದೆ. ಈ ಶೋಧಕ್ಕೆ ಇಬ್ಬರಿಗೂ 2006ರ ನೊಬೆಲ್ ಪ್ರಶಸ್ತಿ ಬಂತು. 21 ಅಕ್ಷರಗಳಷ್ಟು ಪುಟ್ಟ ಜೋಡಿ ಎಳೆಯಿಂದ ಮನುಷ್ಯನ ಕೋಶದಲ್ಲೂ ಇದನ್ನು ಮಾಡಬಹುದೆಂದು ಜರ್ಮನಿಯಲ್ಲಿ ಥಾಮಸ್ ಟುಶ್ಲ್ ಅವರ ತಂಡ 2001ರಲ್ಲಿ ತೋರಿಸಿತು.

ಇದು ಬರೀ ಪುಸ್ತಕದ ಬದನೆಕಾಯಿಯಲ್ಲ. ಪ್ಯಾಟಿಸಿರಾನ್ ಎಂಬ ಇಂಥ ಮೊದಲ ಔಷಧ 2018ರಲ್ಲಿ ನರಗಳ ಒಂದು ಆನುವಂಶಿಕ ಕಾಯಿಲೆಗೆ ಬಳಕೆಗೆ ಬಂತು. ಕೊಲೆಸ್ಟರಾಲ್ ಇಳಿಸುವ ಇಂಥದೇ ಚುಚ್ಚುಮದ್ದೂ ಇದೆ. ಆದರೆ ಇವೆರಡರ ಗುರಿಯೂ ಯಕೃತ್ತಿನ ಕೋಶಗಳು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎರಡನ್ನೂ ಕೂಡಿಸಿದರೆ

ಯಂತ್ರಕ್ಕೆ ಕಲ್ಲು ಸಿಕ್ಕಿಸಿದ ಔಷಧದ ವಿಷಯ ಹೇಳಿದೆನಷ್ಟೆ. ಗಂತಿಯೂ ಸುಮ್ಮನಿರುವುದಿಲ್ಲ. ಕೆಲವು ಗಂತಿಗಳಲ್ಲಿ ಎರಕದ ಯಂತ್ರಗಳ ಸಂಖ್ಯೆಯೇ ಹೆಚ್ಚಾಗಿರುತ್ತದೆ. ಹತ್ತು ಯಂತ್ರಕ್ಕೆ ಸಾಕಾಗುತ್ತಿದ್ದ ಔಷಧ ನೂರು ಯಂತ್ರಕ್ಕೆ ಸಾಲದು. ಔಷಧದ ಪ್ರಮಾಣ ಏರಿಸೋಣವೆಂದರೆ ರಕ್ತ ತಯಾರಿಸುವ ಮಜ್ಜೆ ಮೊದಲಾದ ಒಳ್ಳೆಯ ಕೋಶಗಳು ಸಾಯುತ್ತವೆ.

ಆಗ ಹೊಳೆದ ಉಪಾಯ ಇದು: ಯಂತ್ರದ ನಕಾಶೆಯ ಚೀಟಿಯನ್ನೇ ಹರಿದರೆ ಹೊಸ ಯಂತ್ರಗಳು ತಯಾರಾಗುವುದಿಲ್ಲ. ಉಳಿದ ಕೆಲವಕ್ಕೆ ಔಷಧ ಸಾಕಾಗುತ್ತದೆ. ಬಾವಿಗೆ ಬರುವ ಸೆಲೆ ಮುಚ್ಚಿ ಆಮೇಲೆ ನೀರು ಸೇದಿದಂತೆ. ಜಪಾನಿನ ಟೊಕುಶಿಮಾ ವಿಶ್ವವಿದ್ಯಾಲಯದ ಸಂಶೋಧಕರು 2010ರ ದಶಕದಲ್ಲಿ ಮನುಷ್ಯರ ಮೀಸೋಥೀಲಿಯೋಮ ಕೋಶಗಳನ್ನು ಇಲಿಗಳ ಎದೆಯ ಪೊರೆಯ ನಡುವೆ ಬೆಳೆಸಿ, ಥೈಮಿಡಿಲೇಟ್ ಸಿಂಥೇಸ್ ಚೀಟಿಯನ್ನು ಹರಿಯುವ ಆರ್.ಎನ್.ಎ.ಯನ್ನು ಕೊಬ್ಬಿನ ಗುಳ್ಳೆಗಳಲ್ಲಿ ಸೇರಿಸಿ ಅಲ್ಲಿಗೇ ಬಿಟ್ಟರು. ಪೆಮೆಟ್ರೆಕ್ಸೆಡ್ ರಕ್ತನಾಳದ ಮೂಲಕ ಹೋಯಿತು. ಎರಡರಲ್ಲಿ ಒಂದನ್ನೇ ಕೊಟ್ಟಾಗ ಸಿಗದ ಫಲ ಜೋಡಿಯಿಂದ ಸಿಕ್ಕಿತು. ಆದರೆ ಅದು ಸಿಕ್ಕಿದ್ದು ಇಲಿಗಳಲ್ಲಿ.

ಮನುಷ್ಯರ ಮೇಲಿನ ಪ್ರಯೋಗಕ್ಕೆ ಆಸ್ಟ್ರೇಲಿಯಾಕ್ಕೆ ಹೋಗಬೇಕು. ಕಲ್ನಾರಿನ ಪೆಟ್ಟನ್ನು ಚೆನ್ನಾಗಿ ತಿಂದ ದೇಶವದು. ನಮ್ಮ ಕೋಶಗಳಲ್ಲಿ ಚೀಟಿಗಳ ಮೇಲೆ ಹಿಡಿತವಿಡುವ ಪುಟ್ಟ ಆರ್.ಎನ್.ಎ.ಗಳು ಹುಟ್ಟಿನಿಂದಲೇ ಇರುತ್ತವೆ. ಇವುಗಳ ಹೆಸರು ಮೈಕ್ರೋ ಆರ್.ಎನ್.ಎ. 1993ರಲ್ಲಿ ಬೆಳಕಿಗೆ ಬಂದ ಇವುಗಳ ಶೋಧಕ್ಕಾಗಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕುನ್ 2024ರಲ್ಲಿ ನೊಬೆಲ್ ಪಡೆದರು. ಕೋಶ ಬೇಕಾಬಿಟ್ಟಿ ಬೆಳೆಯದಂತೆ ತಡೆಯುವ 'ಮಿರ್-16' ಎಂಬುದು ಮೀಸೋಥೀಲಿಯೋಮ ಗಂತಿಯಲ್ಲಿ ಬಹಳ ಕಡಿಮೆಯಾಗಿರುತ್ತದೆ ಎಂದು ಸಿಡ್ನಿಯ ಸಂಶೋಧಕರು ಕಂಡುಕೊಂಡರು. ತರಗತಿಯಲ್ಲಿ ಗದ್ದಲ ಅಡಗಿಸುವ ಮಾನಿಟರನೇ ರಜೆ ಹಾಕಿದಂತೆ! ಅದನ್ನು ಮತ್ತೆ ತುಂಬಿಕೊಟ್ಟರೆ ಪ್ರಯೋಗಾಲಯದ ಕೋಶಗಳು ಬೆಳೆಯುವುದು ಕುಗ್ಗಿತು. ಅಷ್ಟೇ ಅಲ್ಲ, ಪೆಮೆಟ್ರೆಕ್ಸೆಡ್ ಮತ್ತು ಜೆಮ್‌ಸಿಟಾಬಿನ್ ಔಷಧಗಳಿಗೆ ಅವು ಹೆಚ್ಚು ಬಗ್ಗಿದವು. ಇದು 2013ರ ವರದಿ.

2014ರಿಂದ 2016ರವರೆಗೆ ಸಿಡ್ನಿಯ ಮೂರು ಆಸ್ಪತ್ರೆಗಳಲ್ಲಿ, ಬೇರೆ ಚಿಕಿತ್ಸೆ ಪಡೆದರೂ ರೋಗ ಮುಂದುವರಿದಿದ್ದ 26 ಜನರಿಗೆ ಮಿರ್-16ನ್ನು ಹೋಲುವ ಆರ್.ಎನ್.ಎ. ಕೊಟ್ಟು ನೋಡಿದರು. ಒಯ್ಯುವ ಬಂಡಿ ಯಾವುದು ಗೊತ್ತೇ? ವರ್ಣತಂತು ಇಲ್ಲದ, ಆದ್ದರಿಂದ ಬೆಳೆಯಲಾರದ, ಬ್ಯಾಕ್ಟೀರಿಯಾದ ಟೊಳ್ಳು ಚೀಲ. ಅದರ ಮೈಗೆ ಗಂತಿಯ ಕೋಶಕ್ಕೆ ಅಂಟಿಕೊಳ್ಳುವ ಪ್ರತಿಕಾಯ ಹಚ್ಚಿದ್ದರು. 2017ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಪರಿಶೀಲನೆಗೆ ಸಿಕ್ಕ 22 ಜನರಲ್ಲಿ ಒಬ್ಬರ ಗಂತಿ ಗಣನೀಯವಾಗಿ ಕುಗ್ಗಿತು, 15 ಜನರಲ್ಲಿ ಇದ್ದಂತೆಯೇ ಇತ್ತು, 6 ಜನರಲ್ಲಿ ಬೆಳೆಯಿತು. ಬದುಕಿನ ಮಧ್ಯಾಂಕ 200 ದಿನ. ಕೆಲವರಿಗೆ ಉರಿಯೂತ, ಹೃದಯದ ತೊಂದರೆಯಂಥ ಕಷ್ಟಗಳೂ ಆದವು.

ಈ ಅಂಕಿಗಳನ್ನು ಸರಿಯಾಗಿ ಓದಬೇಕು. ಇದು ಮೊದಲ ಹಂತದ ಪ್ರಯೋಗ. 'ಎಷ್ಟು ಕೊಟ್ಟರೆ ಮನುಷ್ಯ ತಾಳಬಲ್ಲ?' ಎಂಬುದೇ ಅದರ ಮುಖ್ಯ ಪ್ರಶ್ನೆ, 'ಗುಣವಾಗುತ್ತದೆಯೇ?' ಎಂಬುದಲ್ಲ. ಹೋಲಿಸಲು ಇನ್ನೊಂದು ಗುಂಪೂ ಇರಲಿಲ್ಲ. ಪೆಮೆಟ್ರೆಕ್ಸೆಡ್ ಜೊತೆ ಕೂಡಿಸಿ ಕೊಟ್ಟಿದ್ದೂ ಅಲ್ಲ. ಒಬ್ಬರಲ್ಲಿ ಗಂತಿ ಕುಗ್ಗಿದ್ದು ಆಶೆಯ ಎಳೆ. ಆ ಎಳೆಯನ್ನು ಹಗ್ಗವೆಂದು ಮಾರುವವರ ಬಗ್ಗೆ ಮಾತ್ರ ಎಚ್ಚರ.

ಗಂತಿಯೇ ಸುಮ್ಮನಾಗಿಸಿಕೊಂಡ ವಂಶವಾಹಿ

ಇನ್ನೊಂದು ದಾರಿಯೂ ಇದೆ, ಇದು ತಿರುಗುಮುರುಗು. ಕೆಲವು ಮೀಸೋಥೀಲಿಯೋಮ ಗಂತಿಗಳು ತಮ್ಮದೇ ಒಂದು ವಂಶವಾಹಿಯನ್ನು ತಾವೇ ಸುಮ್ಮನಾಗಿಸಿಕೊಂಡಿರುತ್ತವೆ. ಅದು ಆರ್ಜಿನಿನ್ ಎಂಬ ಅಮೈನೋ ಆಮ್ಲವನ್ನು ತಯಾರಿಸಲು ಬೇಕಾದದ್ದು. ಹೀಗಾಗಿ ಅಂಥ ಗಂತಿ ಆರ್ಜಿನಿನ್‌ಗಾಗಿ ರಕ್ತವನ್ನೇ ನಂಬಿರುತ್ತದೆ. ಅಡುಗೆಮನೆಗೆ ಬೀಗ ಹಾಕಿ ಹೋಟೆಲಿನ ಊಟ ನಂಬಿದವನ ಪಾಡು! ಹೋಟೆಲು ಮುಚ್ಚಿಸಿದರಾಯಿತು. ರಕ್ತದಲ್ಲಿರುವ ಆರ್ಜಿನಿನ್ ಒಡೆದುಹಾಕುವ ಪೆಗಾರ್ಜಿಮಿನೇಸ್ ಎಂಬ ಕಿಣ್ವವನ್ನು ಪೆಮೆಟ್ರೆಕ್ಸೆಡ್ ಮತ್ತು ಪ್ಲಾಟಿನಂ ಔಷಧದ ಜೊತೆ, ಈ ರೋಗದಲ್ಲೇ ಹೆಚ್ಚು ಉಗ್ರವಾದ ಬಗೆಯಿದ್ದವರಿಗೆ ಕೊಟ್ಟು, 249 ರೋಗಿಗಳಲ್ಲಿ ಹೋಲಿಸಿ ನೋಡಿದರು. 2024ರಲ್ಲಿ ಪ್ರಕಟವಾದಂತೆ ಮಧ್ಯಾಂಕ 7.7 ತಿಂಗಳಿಂದ 9.3 ತಿಂಗಳಿಗೆ ಏರಿತು. ಒಂದೂವರೆ ತಿಂಗಳಿಗೆ ಇಷ್ಟೊಂದು ಕಷ್ಟವೇ ಎಂದು ನೀವು ಕೇಳಬಹುದು. ವಿಜ್ಞಾನ ಸಾಮಾನ್ಯವಾಗಿ ಗೇಣುಗೇಣಾಗಿಯೇ ಮುಂದೆ ಸಾಗುವುದು.

ಹಾಗಾದರೆ ತಡವೇಕೆ?

ತೊಡಕು ಒಂದೇ ಮಾತಿನಲ್ಲಿದೆ: ಸಾಗಣೆ. ಆರ್.ಎನ್.ಎ. ಬಹಳ ನಾಜೂಕು. ಬರಿದೇ ರಕ್ತಕ್ಕೆ ಬಿಟ್ಟರೆ ಅಲ್ಲಿನ ಕಿಣ್ವಗಳು ಚೂರು ಮಾಡುತ್ತವೆ, ಮೂತ್ರಪಿಂಡ ಹೊರಹಾಕುತ್ತದೆ. ಕೊಬ್ಬಿನ ಗುಳ್ಳೆಯಲ್ಲಿಟ್ಟು ಕಳಿಸಿದರೆ ಬಹುಪಾಲು ಯಕೃತ್ತು ಹಿಡಿದುಕೊಳ್ಳುತ್ತದೆ. ಯಕೃತ್ತನ್ನು ಮುಟ್ಟುವ ಔಷಧಗಳು ಮೊದಲು ಗೆದ್ದದ್ದು ಇದಕ್ಕೇ. ಎದೆಯ ಪೊರೆಗೆ ಒಂದು ಅನುಕೂಲವಿದೆ. ಎರಡು ಪದರಗಳ ನಡುವಿನ ಜಾಗಕ್ಕೆ ಕೊಳವೆಯ ಮೂಲಕ ನೇರವಾಗಿ ಔಷಧ ಬಿಡಬಹುದು. ಆದರೆ ಅಲ್ಲಿಂದ ಗಂತಿಯ ಆಳದ ಪ್ರತಿಯೊಂದು ಕೋಶಕ್ಕೂ ಅದು ಹೊಕ್ಕಬೇಕು. ಉಳಿದ ಕೆಲವು ಕೋಶಗಳು ಸಾಕು, ಮತ್ತೆ ಬೆಳೆಯಲು.

ಎರಡನೆಯ ತೊಡಕು ರೋಗದ ಸ್ವಭಾವದ್ದು. ಮೀಸೋಥೀಲಿಯೋಮದಲ್ಲಿ ಹೆಚ್ಚಾಗಿ ಆಗಿರುವುದು ಬೆಳವಣಿಗೆಯ ವೇಗವರ್ಧಕ ಕೆಟ್ಟಿರುವುದಲ್ಲ, ಬ್ರೇಕುಗಳೇ ಕಳೆದುಹೋಗಿರುವುದು. ಇಲ್ಲದ ವಂಶವಾಹಿಯನ್ನು ಸುಮ್ಮನಾಗಿಸುವುದು ಹೇಗೆ? ಆದ್ದರಿಂದಲೇ ಔಷಧದಿಂದ ತಪ್ಪಿಸಿಕೊಳ್ಳಲು ಗಂತಿ ಬಳಸುವ ಬಾಗಿಲುಗಳನ್ನು ಒಂದೊಂದಾಗಿ ಹುಡುಕಿ ಮುಚ್ಚಬೇಕಾಗಿದೆ.

ಪತ್ರಕ್ಕೆ ಉತ್ತರ

ಹುಡುಗಿಗೆ ನಾನು ಬರೆದದ್ದರ ಸಾರ ಇಷ್ಟು.

ಮಗೂ, ನೀನು ಕೇಳಿದ ಚಿಕಿತ್ಸೆ ಕಟ್ಟುಕಥೆಯಲ್ಲ. ಅದರ ಹಿಂದೆ ಮೂರು ದಶಕದ ನಿಜವಾದ ವಿಜ್ಞಾನವಿದೆ. ಆದರೆ ಮೀಸೋಥೀಲಿಯೋಮಕ್ಕೆ ಅದು ಇನ್ನೂ ಪ್ರಯೋಗದ ಮೆಟ್ಟಿಲಲ್ಲಿದೆ, ಆಸ್ಪತ್ರೆಯ ಔಷಧಿ ಕಪಾಟಿಗೆ ಬಂದಿಲ್ಲ. ಅದನ್ನು 15 ಲಕ್ಷಕ್ಕೆ ಮಾರುತ್ತೇನೆ ಎನ್ನುವವನು ಮಾರುತ್ತಿರುವುದು ಚಿಕಿತ್ಸೆಯನ್ನಲ್ಲ, ನಿಮ್ಮ ಭಯವನ್ನು. ಅಪ್ಪನಿಗೆ ಹೇಳು, ಹೊಲ ಮಾರುವುದು ಬೇಡ.

ನಿಜವಾದ ಪ್ರಯೋಗವಾದರೆ ಅದು ಭಾರತೀಯ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಣಿಯಾಗಿರಬೇಕು. 2009ರಿಂದ ಇದು ಕಡ್ಡಾಯ. ಯಾರು ಬೇಕಾದರೂ ಅಲ್ಲಿ ಹುಡುಕಿ ನೋಡಬಹುದು. ನೋಂದಣಿ ಸಂಖ್ಯೆ ಎಷ್ಟು, ನೈತಿಕ ಸಮಿತಿಯ ಒಪ್ಪಿಗೆ ಇದೆಯೇ, ಒಪ್ಪಿಗೆ ಪತ್ರವನ್ನು ನಮ್ಮ ಭಾಷೆಯಲ್ಲಿ ಕೊಡುತ್ತೀರಾ ಎಂದು ಕೇಳಿ. ಪ್ರಯೋಗದ ಔಷಧಕ್ಕೆ ರೋಗಿಯಿಂದಲೇ ಲಕ್ಷಗಟ್ಟಲೆ ಕೇಳಿದರೆ ಅಲ್ಲಿಂದಲೇ ಹಿಂದಿರುಗಿ.

ಬೆಂಗಳೂರಿನ ಕಿದ್ವಾಯಿಯಂಥ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಅಜ್ಜನನ್ನು ತೋರಿಸಿ. ಈಗಾಗಲೇ ರೂಢಿಯಲ್ಲಿರುವ ಔಷಧಗಳಲ್ಲಿ ಅವರ ಶಕ್ತಿಗೆ ಯಾವುದು ಹೊಂದುತ್ತದೆ ಎಂದು ಅಲ್ಲಿನ ವೈದ್ಯರು ಹೇಳುತ್ತಾರೆ. ಎದೆಯ ನೀರು ತೆಗೆಯುವುದು, ನೋವಿಗೆ ಸರಿಯಾದ ಮಾತ್ರೆ ಕೊಡುವುದು, ಇವೂ ಚಿಕಿತ್ಸೆಯೇ. ನೋವಿಲ್ಲದೆ ಅಜ್ಜ ಜಗಲಿಯ ಮೇಲೆ ಕುಳಿತು ನಿನ್ನ ಪಾಠ ಕೇಳುವ ಒಂದೊಂದು ದಿನವೂ ಗಳಿಕೆಯೇ.

ಇನ್ನೊಂದು ಕೆಲಸವಿದೆ. ಅಜ್ಜನ ಟ್ರಂಕಿನಲ್ಲಿ ಹಳೆಯ ಕಾಗದಗಳನ್ನು ಹುಡುಕಿ: ಗುರುತಿನ ಚೀಟಿ, ಸಂಬಳದ ಚೀಟಿ, ಇ.ಎಸ್.ಐ. ಕಾರ್ಡು. ಕಲ್ನಾರಿನ ಕಾರ್ಮಿಕರ ಬಗ್ಗೆ ಸುಪ್ರೀಂ ಕೋರ್ಟು 1995ರಲ್ಲಿ ತೀರ್ಪು ಕೊಟ್ಟಿದೆ. ಪ್ರತಿಯೊಬ್ಬ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಇವುಗಳಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದು ಕಾರ್ಖಾನೆಗಳಿಗೆ ಆದೇಶಿಸಿದೆ. ಅಜ್ಜ ಸೇರಿ ಈಗ್ಗೆ 40 ವರ್ಷವಾಗಿದೆ. ತಡಮಾಡದೆ ಕಾರ್ಮಿಕ ಇಲಾಖೆಯಲ್ಲೋ ಉಚಿತ ಕಾನೂನು ನೆರವು ಕೇಂದ್ರದಲ್ಲೋ ವಿಚಾರಿಸಿ. ಕಾಯಿಲೆ ಅಜ್ಜನ ಹಣೆಬರಹವಲ್ಲ. ಅದಕ್ಕೆ ಕಾರಣವಿದೆ, ಕಾರಣಕ್ಕೆ ಹೊಣೆಯೂ ಇದೆ.

ನಿಮ್ಮ ಮನೆಯ ಮಾಡು

ಕೊನೆಗೆ ಎಲ್ಲ ಓದುಗರಿಗೂ ಒಂದು ಮಾತು. ಬ್ರಿಟನ್, ಆಸ್ಟ್ರೇಲಿಯಾ ಮೊದಲಾದ ಎಷ್ಟೋ ದೇಶಗಳು ಕಲ್ನಾರನ್ನು ಪೂರ್ತಿ ನಿಷೇಧಿಸಿವೆ. ನಮ್ಮಲ್ಲಿ ಹೊರದೇಶದ ಬಿಳಿ ಕಲ್ನಾರು ತರಿಸಿ ಶೀಟು ಮಾಡುವುದು ನಡೆದೇ ಇದೆ. ನಿಮ್ಮ ಮನೆಗೋ ಕೊಟ್ಟಿಗೆಗೋ ಅಂಥ ಶೀಟು ಇದ್ದರೆ ಗಾಬರಿ ಬೇಡ. ಗಟ್ಟಿಯಾಗಿರುವ ಶೀಟಿನಲ್ಲಿ ಎಳೆಗಳು ಸಿಮೆಂಟಿನೊಳಗೆ ಬಂಧಿಯಾಗಿರುತ್ತವೆ. ಅಪಾಯವಿರುವುದು ಅದನ್ನು ಗರಗಸದಿಂದ ಕೊಯ್ದಾಗ, ಡ್ರಿಲ್ ಹಾಕಿದಾಗ, ಒಣಗಿದ್ದಾಗಲೇ ಉಜ್ಜಿದಾಗ, ಒಡೆದು ಪುಡಿ ಮಾಡಿದಾಗ. ಮುರಿದದ್ದನ್ನು ತೆಗೆಯಲೇಬೇಕಾದರೆ ನೀರು ಚಿಮುಕಿಸಿ ಒದ್ದೆ ಮಾಡಿ, ಇಡಿಯಾಗಿಯೇ ಇಳಿಸಿ. ಮಕ್ಕಳನ್ನು ದೂರವಿಡಿ. ಚೂರುಗಳನ್ನು ಅಂಗಳಕ್ಕೆ ಹಾಸಬೇಡಿ. ಹೊಸ ಮಾಡು ಹಾಕಿಸುವಾಗ ಕಲ್ನಾರು ಇಲ್ಲದ ಶೀಟನ್ನೇ ಕೇಳಿ ಪಡೆಯಿರಿ. ಶಾಲೆಯ ಪ್ರಯೋಗಾಲಯದಲ್ಲಿ ಹಳೆಯ ಜಾಲರಿ ಉಳಿದಿದ್ದರೆ, ವಿದ್ಯಾರ್ಥಿಗಳೇ, ಅದನ್ನು ಮುಟ್ಟದೆ ನಿಮ್ಮ ಮೇಷ್ಟ್ರಿಗೆ ತಿಳಿಸಿ. ಅವರು ಬೈದರೆ ಈ ಲೇಖನ ತೋರಿಸಿ.

ಗಂತಿಯ ವಂಶವಾಹಿಯನ್ನು ಸುಮ್ಮನಾಗಿಸಲು ವಿಜ್ಞಾನಿಗಳು ಇನ್ನೂ ಹೆಣಗುತ್ತಿದ್ದಾರೆ. ಧೂಳನ್ನು ಏಳದಂತೆ ಮಾಡಲು ಮಾತ್ರ ನೊಬೆಲ್ ಪ್ರಶಸ್ತಿ ಬೇಕಾಗಿಲ್ಲ, ಒಂದು ಕೊಡ ನೀರು ಸಾಕು.

ಈ ಬರಹ ಅಚ್ಚಿಗೆ ಹೋಗುವ ಹೊತ್ತಿಗೆ ಆ ಊರಿನಿಂದ ಇನ್ನೊಂದು ಇನ್‌ಲ್ಯಾಂಡ್ ಬಂದಿದೆ. ಅಜ್ಜನಿಗೆ ಎರಡನೆಯ ಸರದಿ ಔಷಧ ಆಯಿತಂತೆ, ಸುಸ್ತಿದೆಯಂತೆ. ಟ್ರಂಕಿನಲ್ಲಿ ಸಂಬಳದ ಚೀಟಿಗಳ ಒಂದು ಕಟ್ಟೇ ಸಿಕ್ಕಿತಂತೆ. ಹೊಲದಲ್ಲಿ ಈ ಸಲ ಜೋಳ ಬಿತ್ತಿದ್ದಾರಂತೆ.